ಮೂರನೇ ನಂಬರಿನ ಕಲೆ

ಬೆಳಗಿನ ಐದು ಗಂಟೆ. ಫುಟ್‌ಬಾಲ್ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ, ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಣುಕಿ ಹೊತ್ತಿಕೊಳ್ಳುತ್ತದೆ. ಸೊಂಟಕ್ಕೆ ರಬ್ಬರ್ ಏಪ್ರನ್ ಬಿಗಿದುಕೊಂಡ ಐವತ್ತೆರಡರ ಹೆಂಗಸೊಬ್ಬರು ಎದೆಯೆತ್ತರದ ಬುಟ್ಟಿಯನ್ನು ನೂಕಿಕೊಂಡು ಬಂದು ಸಿಮೆಂಟು ನೆಲದ ಮೇಲೆ ಮಗುಚುತ್ತಾರೆ. ಅಂಗಿ, ಚಡ್ಡಿ, ಕಾಲುಚೀಲ, ಎಲ್ಲ ಸೇರಿ ಒಂದೇ ಕೆಸರಿನ ಮುದ್ದೆ. ಹೊಸ ಸೀಸನ್ನಿನ ತಾಲೀಮು ಶುರುವಾಗಿ ಇನ್ನೂ ಎಂಟು ದಿನ, ಆಗಲೇ ಬೆಟ್ಟದಷ್ಟು ಬಟ್ಟೆ. ತಂಡದವರಿಗೆಲ್ಲ ಇವರು ‘ಅಕ್ಕ’. ತಂಡದಾಚೆಗೆ ಇಂಥವರೊಬ್ಬರು ಇದ್ದಾರೆಂದೇ ಯಾರಿಗೂ ಗೊತ್ತಿಲ್ಲ.

ಅಕ್ಕ ಬಟ್ಟೆಯನ್ನು ಸೀದಾ ಮೆಷಿನ್ನಿಗೆ ತುರುಕುವುದಿಲ್ಲ. ಒಂದೊಂದನ್ನೂ ಕೊಡವಿ, ಬೆಳಕಿಗೆ ಹಿಡಿದು, ತಿರುವಿ ನೋಡುತ್ತಾರೆ. “ಇದು ಗೋಲ್‌ಕೀಪರ್‌ದು. ಎರಡೂ ಮೊಣಕೈ ಹಸಿರು. ಇದು ಒಂಬತ್ತನೇ ನಂಬರ್, ನೋಡಿ ಎಷ್ಟು ಚೊಕ್ಕ! ಇವನಿಗೆ ಬೆವರೋದು ಅಂದ್ರೆ ಅಲರ್ಜಿ. ಗೋಲ್ ಹೊಡೆದ ದಿನ ಮಂಡಿ ಮೇಲೆ ಜಾರ್ತಾನಲ್ಲ, ಅವತ್ತು ಮಾತ್ರ ನನಗೆ ಕೆಲಸ ಕೊಡ್ತಾನೆ.” ಹೇಳುತ್ತಾ ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ರಕ್ತ ಇರುವ ಬಟ್ಟೆಗೆ ಬೇರೆ ಮರ್ಯಾದೆ. ಗೋಡೆಯ ಪಕ್ಕ ತಣ್ಣೀರಿನ ಬಕೆಟ್ಟು ಯಾವಾಗಲೂ ತುಂಬಿರುತ್ತದೆ. “ಬಿಸಿನೀರು ತಾಗಿತೋ ಮುಗೀತು, ರಕ್ತ ಬಟ್ಟೇಲೇ ಕೂತುಬಿಡುತ್ತೆ. ತಣ್ಣೀರು, ಒಂದು ಹಿಡಿ ಉಪ್ಪು, ಅರ್ಧ ಗಂಟೆ. ಆಮೇಲೆ ಉಜ್ಜಿದ್ರೆ ಅಲ್ಲಿ ಏನೋ ಇತ್ತು ಅಂತ ಯಾರೂ ಹೇಳೋಕಾಗಲ್ಲ.” ಈ ವಿದ್ಯೆಯನ್ನು ಅವರು ಕಲಿತದ್ದು ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಅದು ಮುಚ್ಚಿಹೋದ ಮೇಲೆ ಇಲ್ಲಿಗೆ ಬಂದರು, ಹದಿನಾಲ್ಕು ವರ್ಷವಾಯಿತು. ಆಸ್ಪತ್ರೆಯಿಂದ ಜೊತೆಗೆ ತಂದದ್ದು ಇನ್ನೊಂದು ಕಟ್ಟುನಿಟ್ಟು: ಬುಟ್ಟಿ ಬೆರೆಸಬಾರದು. ಆಟಗಾರರು ಬಟ್ಟೆ ಬದಲಿಸುವ ಕೋಣೆಯಿಂದ ಬರುವುದು ಹಸಿರು ಬುಟ್ಟಿ. ತಂಡದ ಡಾಕ್ಟರ ಕೋಣೆಯಿಂದ ಬರುವುದು ಬಿಳಿ ಬುಟ್ಟಿ, ಅದರಲ್ಲಿ ಟವೆಲ್ಲು, ಹಾಸುಬಟ್ಟೆ, ಮಂಡಿಗೆ ಹಾಕುವ ಎಲಾಸ್ಟಿಕ್ ಪಟ್ಟಿ. ಯಾವುದು ಎಲ್ಲಿಂದ ಬಂತು ಎಂಬ ವಿಷಯದಲ್ಲಿ ಅಕ್ಕನಿಗೆ ಈವರೆಗೆ ಒಮ್ಮೆಯೂ ಎಡವಟ್ಟಾಗಿಲ್ಲ.

ಪಂದ್ಯದ ಮರುದಿನ ನಲವತ್ತು ಅಂಗಿ, ನಲವತ್ತು ಚಡ್ಡಿ, ಎಂಬತ್ತು ಕಾಲುಚೀಲ, ಅರವತ್ತು ಟವೆಲ್ಲು. ಕಾಲುಚೀಲವನ್ನು ಉಂಡೆ ಸುತ್ತಿ ಎಸೆಯುವುದು ಆಟಗಾರರ ಚಾಳಿ, ಅವನ್ನು ಬಿಡಿಸುವುದಕ್ಕೇ ಮುಕ್ಕಾಲು ಗಂಟೆ ಬೇಕು. ಅಕ್ಕನ ಬೆರಳ ಸಂದುಗಳು ಸೀಳಿವೆ, ಎಡಗೈಯ ಎರಡು ಉಗುರು ಬೇರುಸಹಿತ ಹೋಗಿ ಮತ್ತೆ ಬಂದಿಲ್ಲ. ಇಷ್ಟು ವರ್ಷದಲ್ಲಿ ಒಂದು ಪಂದ್ಯವನ್ನೂ ಅವರು ಪೂರ್ತಿ ನೋಡಿಲ್ಲ. ಮೇಲೆ ಗೋಲಾಯಿತೆಂದು ಗೊತ್ತಾಗುವುದು ಜನ ಕುಣಿದು ಚಾವಣಿಯ ಸುಣ್ಣ ಉದುರಿದಾಗ. ಕಳೆದ ಸೀಸನ್ನಿನಲ್ಲಂತೂ ಒಗೆದ ಬಟ್ಟೆಗೆಲ್ಲ ಸುಣ್ಣ. ಅದರ ಹಿಂದಿನ ವರ್ಷ ಪಟ್ಟಿಯ ತಳದಲ್ಲಿ ಒದ್ದಾಡಿದ್ದ ತಂಡ ಇಪ್ಪತ್ತಾರು ಪಂದ್ಯಗಳಲ್ಲಿ ಹದಿನೇಳು ಗೆದ್ದು, ಮೊದಲ ಸ್ಥಾನ ಹಿಡಿದು, ಮೇಲಿನ ದರ್ಜೆಗೆ ಏರಿದೆ.

ಕೋಣೆಯ ಗವಾಕ್ಷಿ ತೆರೆಯುವುದು ಪಕ್ಕದ ಗಲ್ಲಿಗೆ, ಕ್ಷೌರದಂಗಡಿಯ ಬೆಂಚಿನ ಬೆನ್ನಿಗೆ. ಊರಿನ ಅರ್ಧ ಅಭಿಮಾನಿಗಳು ಆ ಬೆಂಚಿನ ಮೇಲೆಯೇ ಇರುತ್ತಾರೆ. ಹೊಸ ಸೀಸನ್ನಿಗೆ ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ಪಂಚಾಯ್ತಿ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಶುರು.

“ಮೇಲಿನ ದರ್ಜೆ ಅಂದ್ರೆ ಹುಡುಗಾಟ ಅಲ್ಲ. ಎತ್ತರದ ಸ್ಟ್ರೈಕರ್ ಒಬ್ಬ ಬೇಕೇಬೇಕು.”

“ಮೊದಲು ಎರಡನೇ ಗೋಲ್‌ಕೀಪರ್ ತಗೊಳ್ರಿ. ಇರೋ ಒಬ್ಬನಿಗೆ ಕೆಮ್ಮು ಬಂದ್ರೆ ಯಾರು ನಿಲ್ತಾರೆ, ನೀನಾ?”

“ಲೆಫ್ಟ್ ಬ್ಯಾಕ್ ಜಾಗ ಖಾಲಿ ಆಯ್ತಲ್ಲ, ಒಳ್ಳೇದಾಯ್ತು. ಮೂರನೇ ನಂಬರ್ ಮುಗಿದ ಕಥೆ.” ಇದು ಕತ್ತರಿ ಆಡಿಸುತ್ತಲೇ ಕ್ಷೌರಿಕ ಕೊಡುವ ತೀರ್ಪು.

ಆ ಬೆಂಚಿನ ಖಾಯಂ ಸದಸ್ಯರಲ್ಲಿ ಅಕ್ಕನ ಯಜಮಾನರೂ ಒಬ್ಬರು. ಲಾರಿ ಓಡಿಸುತ್ತಿದ್ದವರು, ಕಣ್ಣು ಮಂಜಾಗಿ ಮನೆ ಸೇರಿದ್ದಾರೆ. ಚೆಂಡು ಕಾಣುವುದಿಲ್ಲ, ಆದರೆ ಯಾರು ತಪ್ಪು ಮಾಡಿದರೆಂದು ಅವರಷ್ಟು ಖಚಿತವಾಗಿ ಹೇಳುವವರು ಬೇರೆ ಇಲ್ಲ. “ನಮ್ಮ ಮನೆಯವರಿಗೆ ಒಂದು ಸುದ್ದಿ ಕೊಟ್ರೆ ಅದು ನನಗಿಂತ ಮುಂಚೆ ಬಸ್‌ಸ್ಟ್ಯಾಂಡಿಗೆ ತಲುಪಿರುತ್ತೆ” ಎನ್ನುತ್ತಾರೆ ಅಕ್ಕ. ಅದಕ್ಕೇ ಕಳೆದ ಸೀಸನ್ನಿನ ಹದಿನೇಳನೇ ಪಂದ್ಯದ ಮರುದಿನ ಕಣ್ಣಿಗೆ ಬಿದ್ದದ್ದನ್ನು ಅವರಿಗೂ ಹೇಳಲಿಲ್ಲ.

ಅಭಿಮಾನಿಗಳು ಮೂರನೇ ನಂಬರಿನವನ ಕಲೆಯ ಬಗ್ಗೆ ಒಂದು ಕಾಲದಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅಕ್ಕನಿಗೆ ಗೊತ್ತಿದ್ದದ್ದು ಅವನ ಇನ್ನೊಂದು ಥರದ ಕಲೆ. ಒಂಬತ್ತು ವರ್ಷದಿಂದ ಅವನ ಚಡ್ಡಿ ಎರಡೂ ತೊಡೆಯ ಕಡೆ ಸಮನಾಗಿ ಕೊಳೆಯಾಗುತ್ತಿತ್ತು. ಹದಿನೇಳನೇ ಪಂದ್ಯದ ಮರುದಿನ ನೋಡಿದರೆ ಎಡಗಡೆ ಮಾತ್ರ ಕೆಸರು, ಬಲಗಡೆ ಹೊಸದರಂತಿದೆ. ಬಲಮಂಡಿ ನೆಲಕ್ಕೆ ತಾಗದಂತೆ ಅವನು ಆಡಿದ್ದ. ಅದೇ ದಿನ ಬಿಳಿ ಬುಟ್ಟಿಯಲ್ಲಿ, ಡಾಕ್ಟರ ಕೋಣೆಯ ಟವೆಲ್ಲುಗಳ ನಡುವೆ, ಅವನ ಮಂಡಿಪಟ್ಟಿ ಸಿಕ್ಕಿತು. ಒಳಮೈಯಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಸಾಸಿವೆ ಗಾತ್ರದ ಒಂದು ಕೆಂಪು ಚುಕ್ಕೆ. ಆಸ್ಪತ್ರೆಯ ಬಟ್ಟೆ ಒಗೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮುಂದಿನ ಪಂದ್ಯಕ್ಕೆ ಒಂದು ಚುಕ್ಕೆ. ಅದರ ಮುಂದಿನದಕ್ಕೆ ಎರಡು. ಕೊನೆಕೊನೆಗೆ ಮೂರು. ಒಂದು ಬೆಳಗ್ಗೆ ಅವನು ಅಕ್ಕನನ್ನು ಹುಡುಕಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದು ಬಂದ.

“ಏನಪ್ಪಾ ಇದು, ಎಷ್ಟು ದಿನ ಹೀಗೆ?” ಎಂದು ಕೇಳಿದರು.

“ಸೂಜಿ ಹಾಕಿದ್ರೆ ಎರಡು ಗಂಟೆ ನೋವು ಗೊತ್ತಾಗಲ್ಲ ಅಕ್ಕಾ. ಸೀಸನ್ ಮುಗಿಯೋವರೆಗೆ ತಡ್ಕೋ, ಆಮೇಲೆ ಆಪರೇಷನ್ ಮಾಡಿಸ್ತೀವಿ ಅಂದಿದ್ದಾರೆ ಕ್ಲಬ್ಬಿನವರು. ಆಗಲ್ಲ ಅಂದ್ರೆ ನಾಳೆ ಬೇರೆಯವನು ಬರ್ತಾನೆ. ಮನೇಲಿ ಹೇಳಿಲ್ಲ. ನೀನೂ ಯಾರಿಗೂ ಹೇಳ್ಬೇಡ.”

ಅಕ್ಕ ಹೇಳಲಿಲ್ಲ. ಪಟ್ಟಿಯನ್ನು ತಣ್ಣೀರಿಗೆ ಹಾಕಿದರು, ಉಪ್ಪು ಹಾಕಿದರು, ಉಜ್ಜಿದರು. ಹತ್ತು ಪಂದ್ಯ, ಹತ್ತು ಪಟ್ಟಿ. ತಿಂಗಳುಗಟ್ಟಲೆ ಗವಾಕ್ಷಿಯಿಂದ ಅವರ ಕಿವಿಗೆ ಬಿದ್ದದ್ದು ಒಂದೇ ರಾಗ: ಮೂರನೇ ನಂಬರ್ ಸೋಮಾರಿಯಾಗಿದ್ದಾನೆ, ಓಡುವುದಿಲ್ಲ, ದುಡ್ಡಿನ ಮದ. ಒಗೆಯುವ ಕಲ್ಲಿನ ಮೇಲೆ ಬ್ರಷ್ಷು ಕುಕ್ಕಿ ಎದ್ದು ಹೊರಗೆ ಹೋಗಬೇಕೆನಿಸುತ್ತಿತ್ತು. ಹೋಗಲಿಲ್ಲ. ಮಾತು ಕೊಟ್ಟದ್ದೊಂದು ಕಾರಣ. ಇನ್ನೊಂದು ಕಾರಣವನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: “ಹೆದರಿಕೆ. ನಾನು ಯಾರು? ಡಾಕ್ಟರ ವಿಷಯ ಮಾತಾಡೋಕೆ ಬಟ್ಟೆ ಒಗೆಯೋಳು ಯಾರು ಅಂತಾರಲ್ಲ.”

ಕೊನೆಯ ಪಂದ್ಯದ ಎಪ್ಪತ್ತನೇ ನಿಮಿಷ. ಸುತ್ತ ಯಾರೂ ಇಲ್ಲದ ಕಡೆ ಮೂರನೇ ನಂಬರಿನವನು ತಾನಾಗಿ ಕುಸಿದುಬಿದ್ದ. “ನಾಟಕ! ಎದ್ದೇಳೋ!” ಎಂದು ಗ್ಯಾಲರಿ ಕೂಗಿತು. ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋದರು. ಹತ್ತು ನಿಮಿಷಕ್ಕೆ ತಂಡ ಗೋಲು ಹೊಡೆಯಿತು, ಕೆಳಗೆ ಅಕ್ಕನ ತಲೆಯ ಮೇಲೆಲ್ಲ ಸುಣ್ಣ. ಮರುದಿನ ಅವನ ಬಲಗಾಲಿನ ಕಾಲುಚೀಲ ಕತ್ತರಿಯಲ್ಲಿ ಉದ್ದಕ್ಕೆ ಸೀಳಿಕೊಂಡು ಬಂತು. ಇನ್ಯಾರೂ ಹಾಕುವಂತಿಲ್ಲದ ಅದನ್ನೂ ಅಕ್ಕ ಒಗೆದು, ಮಡಚಿ, ಎಲ್ಲಿಡಬೇಕೆಂದು ತಿಳಿಯದೆ ನಿಂತರು.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತಿರುವಂಥದೇ. ಮಂಡಿಯೊಳಗೆ ಏನೂ ಉಳಿದಿಲ್ಲ, ಒಂದಲ್ಲ ಎರಡು ಆಪರೇಷನ್ ಆಗಬೇಕು, ಆದರೂ ಮಡಚಲು ಬರುವುದು ಅನುಮಾನ ಎಂದರು ಹೊರಗಿನ ವೈದ್ಯರು. ಸೂಜಿ ಚುಚ್ಚಿ ಆಡಿಸಿದರೆಂದು ಅವನು ಹೇಳಿದ. ಹಳೆಯ ಪೆಟ್ಟನ್ನು ಅವನೇ ನಮ್ಮಿಂದ ಮುಚ್ಚಿಟ್ಟ, ಸೂಜಿಯ ಸುದ್ದಿಯೇ ಸುಳ್ಳು ಎಂದು ಕ್ಲಬ್ಬು ಕೈ ತೊಳೆದುಕೊಂಡಿತು. ಡಾಕ್ಟರ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಹತ್ತು ಮಂಡಿಪಟ್ಟಿಗಳು ಇದ್ದವು, ಬೆಳ್ಳಗೆ, ಕಲೆಯಿಲ್ಲದೆ. “ನನ್ನ ಕೆಲಸ ನಾನು ಚೆನ್ನಾಗಿ ಮಾಡಿದೆ. ಅದೇ ಮುಳುವಾಯ್ತು ನೋಡಿ ಅವನಿಗೆ” ಎನ್ನುವಾಗ ಅಕ್ಕ ಮುಖ ತಿರುಗಿಸುತ್ತಾರೆ.

ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಕ್ಲಬ್ಬಿನ ಮ್ಯಾನೇಜರ್ ನೆಲಮಾಳಿಗೆಗೆ ಇಳಿದು ಬಂದರು. ಕೆಳಗಿನ ಕೆಲಸದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳುತ್ತಿದ್ದರು. “ಅವನ ಕಾಲಿನ ವಿಷಯ ನಿಮಗೇನಾದ್ರೂ ಗೊತ್ತಿತ್ತಾ?”

“ಇಲ್ಲ ಸರ್.”

“ನೀವು ನಮ್ಮವರು” ಎಂದು ಹೇಳಿ ಹೋದರು. ವಾರದೊಳಗೆ ಹೊಸ ಮೆಷಿನ್ ಬಂತು. ಎರಡು ವರ್ಷದಿಂದ ಅರ್ಜಿ ಕೊಟ್ಟರೂ ಬಾರದ ಮೆಷಿನ್ನು. ಸದ್ದೇ ಮಾಡದ ಅದರ ಮುಂದೆ ನಿಂತರೆ ಅಕ್ಕನಿಗೆ ತನ್ನ ‘ಇಲ್ಲ ಸರ್’ ಇನ್ನೂ ಕೇಳಿಸುತ್ತದೆ.

ಕಳೆದ ವಾರದ ಒಂದು ಮಧ್ಯಾಹ್ನ ಅವರ ಎರಡು ಕೋಣೆಯ ಮನೆಯಲ್ಲಿ ಯಜಮಾನರು ಊಟಕ್ಕೆ ಕೂತು ಎಂದಿನಂತೆ ಬೆಂಚಿನ ವರದಿ ಒಪ್ಪಿಸುತ್ತಿದ್ದರು. ಹೊಸ ಲೆಫ್ಟ್ ಬ್ಯಾಕ್ ಸಿಕ್ಕಿದ್ದಾನೆ, ಜಿಂಕೆ ಓಡಿದ ಹಾಗೆ ಓಡುತ್ತಾನೆ. ಹಳಬನದು ಏನು ಬಿಡು, ಆಡೋಕೆ ಮೈಬಗ್ಗದೆ ಸೂಜಿ ಗೀಜಿ ಅಂತ ಕುಂಟುನೆಪ.

ಅಕ್ಕನ ಕೈಯಲ್ಲಿದ್ದ ಸೌಟು ತಟ್ಟೆಗೆ ಬಿತ್ತು. “ಕುಂಟುನೆಪ ಅಲ್ಲಾರೀ, ಕುಂಟು! ನಿಜವಾದ ಕುಂಟು! ನೀವು ಕೂತು ತೀರ್ಪು ಕೊಟ್ಟಿರಲ್ಲ, ಅಷ್ಟೂ ಮ್ಯಾಚಲ್ಲಿ ಅವನ ರಕ್ತ ತೊಳೆದೋಳು ನಾನು!” ಎಲ್ಲವನ್ನೂ ಹೇಳಿಬಿಟ್ಟರು. ಚಪ್ಪಾಳೆಗೂ ಬೈಗುಳಕ್ಕೂ ಗ್ಯಾಲರಿಯಲ್ಲಿ ಮೊದಲು ಎದ್ದು ನಿಲ್ಲುತ್ತಿದ್ದ ಮನುಷ್ಯ ತಟ್ಟೆಯ ಮುಂದೆ ಹಾಗೇ ಕೂತರು.

“ನಾನೂ ಕೂಗಿದೆ ಕಣೇ” ಎಂದರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ. “ಎದ್ದೇಳೋ ಅಂತ.”

ಮರುದಿನ ಅವರು ಬೆಂಚಿಗೆ ಹೋಗಲಿಲ್ಲ. ಸುದ್ದಿ ಬಸ್‌ಸ್ಟ್ಯಾಂಡಿಗೂ ತಲುಪಲಿಲ್ಲ.

ಅಕ್ಕ ಮೂರನೇ ನಂಬರಿನವನ ಮನೆಗೆ ಹೋದರು. ಕಿಟಕಿಯ ಪಕ್ಕ ಒಂದು ಕುರ್ಚಿಯಲ್ಲಿ ಅವನು, ಇನ್ನೊಂದರ ಮೇಲೆ ಅವನ ಕಾಲು. ನಾಲ್ಕು ವರ್ಷದ ಮಗಳು ಆ ಕಾಲಿಗೆ ತಾಗದಂತೆ ದೂರದಿಂದ ಓಡಾಡುವುದನ್ನು ಕಲಿತುಬಿಟ್ಟಿದ್ದಾಳೆ. ಸೂಜಿಯ ವಿಷಯ ಹೊರಗೆ ಹೇಳಬೇಕೆಂದಿದ್ದೇನೆ ಎಂದು ಅಕ್ಕ ತಿಳಿಸಿದರು. “ನಿನ್ನ ಕೆಲಸ ಹೋಗುತ್ತೆ ಅಕ್ಕಾ” ಎಂದಷ್ಟೇ ಹೇಳಿದ.

ಅದು ಹೋಗುವುದು ಹೆಚ್ಚೂಕಡಿಮೆ ಖಂಡಿತ. ಮನೆಯಲ್ಲಿ ದುಡಿಯುವ ಕೈ ಇದೊಂದೇ. ಎಲೆಮರೆಯ ಕಾಯಿಯಂತೆ ದುಡಿಯುವವರನ್ನು ಹುಡುಕಿ ಬರೆಯುವ ಪತ್ರಿಕೆಯವರು ಬಂದದ್ದು ಅವರ ಹದಿನಾಲ್ಕು ವರ್ಷದ ಸೇವೆಯನ್ನು ಹೊಗಳುವುದಕ್ಕೆ. ಮಂಡಿಪಟ್ಟಿಯ ಮಾತು ಅಕ್ಕ ತಾವಾಗಿಯೇ ಎತ್ತಿದ್ದು. ಆ ಭಾಗ ಬಿಟ್ಟು ಬರೆಯೋಣವೇ, ನಿಮಗೆ ತೊಂದರೆಯಾದೀತು ಎಂದು ಕೇಳಿದರೆ, ಏಪ್ರನ್ನಿಗೆ ಕೈ ಒರೆಸಿಕೊಂಡು ನೇರ ಮುಖ ನೋಡುತ್ತಾರೆ.

“ಹೊಗಳಿಕೆ ಬಿಟ್ಬಿಡಿ. ಪಟ್ಟಿ ಡಾಕ್ಟರ್ ಕೋಣೆ ಬುಟ್ಟೀಲೇ ಬಂತು, ಹತ್ತಕ್ಕೆ ಹತ್ತೂ. ಕೇಳಿದಾಗ ಇಲ್ಲ ಅಂದೆ. ನನಗೆ ಗೊತ್ತಿತ್ತು ಅಂತ ಬರೀರಿ.”