ಕೇರಿಗೆ ಕೇಳದ ಡಂಗುರ

ಕಮಲಾಪುರದ ದೌಲಪ್ಪನಿಗೆ ಓದು ಬಾರದು. ಆದರೂ ಊರಿಗೆ ಬಂದ ಸರ್ಕಾರಿ ಹುಕುಂ ಜನರ ಕಿವಿಗೆ ಬೀಳುತ್ತಿದ್ದುದು ಅವನ ಬಾಯಿಂದಲೇ. ಕಾಗದ ಉರ್ದುವಿನಲ್ಲಿ ಬರುತ್ತಿತ್ತು. ಕುಲಕರ್ಣಿ ಅದನ್ನು ಓದಿ ಕನ್ನಡದಲ್ಲಿ ಎರಡು ಮಾತು ಹೇಳುತ್ತಿದ್ದ. ದೌಲಪ್ಪ ಹಲಗಿಯನ್ನು ಬೆಂಕಿಗೆ ಹಿಡಿದು ಕಾಯಿಸಿ, ಓಣಿಯ ತಿರುವಿನಲ್ಲಿ ನಿಂತು ಬಾರಿಸಿ, ಆ ಎರಡು ಮಾತನ್ನು ಕೂಗಿ ಹೇಳುತ್ತಿದ್ದ. ಅಪ್ಪ, ಅಜ್ಜ ಮಾಡಿಕೊಂಡು ಬಂದ ಕೆಲಸ. ಸುಗ್ಗಿಯಲ್ಲಿ ಪ್ರತಿ ರೈತನ ಕಣದಿಂದ ಅವನಿಗೆ ಒಂದೊಂದು ಮೊರ ಜೋಳ ಸಲ್ಲುತ್ತಿತ್ತು. ವರ್ಷದ ರೊಟ್ಟಿ ಅದೇ.

ನಿಜಾಮರ ರಾಜ್ಯದ ಫಸಲಿ ೧೩೨೨ರ, ಅಂದರೆ ೧೯೧೩ರ, ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ಶುಕ್ರವಾರ, ಊರ ಪಾಟೀಲರಾದ ನೀಲಕಂಠಗೌಡರು ಅವನನ್ನು ಚಾವಡಿಗೆ ಕರೆಸಿದರು. ಕುಲಕರ್ಣಿಯ ಕೈಯಲ್ಲಿ ಮೊಹರು ಬಿದ್ದ ಕಾಗದವಿತ್ತು.

ಆ ಕಾಗದದ ಹಿಂದೆ ಒಂದು ಕಥೆಯಿತ್ತು. ಕಲಬುರಗಿಯಲ್ಲಿ ತಾಲೂಕಿನ ಮಜಲಿಸ್ ಎಂಬ ಒಂದು ಮಂಡಳಿ ಕೂಡುತ್ತಿತ್ತು. ಎಲ್ಲಿ ರಸ್ತೆ ಆಗಬೇಕು, ಎಲ್ಲಿ ಬಾವಿ ತೋಡಬೇಕು ಎಂದು ಗೊತ್ತುಮಾಡುವುದು ಅಲ್ಲಿಯೇ. ತಹಶೀಲ್ದಾರರು ಅದರ ಯಜಮಾನರು. ಅವರ ಮೇಲೆ ಜಿಲ್ಲೆಗೆಲ್ಲ ಅವ್ವಲ್ ತಾಲೂಕದಾರ ಸಾಹೇಬರು. ಅವರ ಮೇಲೆ ಸುಬೇದಾರರು. ಮಂಡಳಿಯಲ್ಲಿ ಕೂತವರು ಇಬ್ಬರು ಪಾಟೀಲರು, ಒಬ್ಬ ಕುಲಕರ್ಣಿ, ಇಬ್ಬರು ಸಾಹುಕಾರರು. ಹೆಸರು ಬರೆಯುವವರು ಕಚೇರಿಯವರು, ಹೆಸರು ಹೇಳುವವರು ಪಾಟೀಲರು. ಊರ ಗೋಡೆಯ ಹೊರಗೆ ಕೇರಿಯಲ್ಲಿದ್ದವರನ್ನು ಯಾರೂ ಕೇಳಿದ್ದಿಲ್ಲ.

ಹಿಂದಿನ ವರ್ಷ ಕಮಲಾಪುರಕ್ಕೆ ಮಂಜೂರಾದ ಬಾವಿ ಗೌಡರ ಬಾಳೆಯ ತೋಟದ ಅಂಚಿಗೆ ಬಿತ್ತು. ಕೇರಿಯವರೂ ಪಕ್ಕದ ನೇಕಾರ ಓಣಿಯ ಸಾಬರೂ ಹಳ್ಳದ ನೀರನ್ನೇ ಕುಡಿದರು. ವಾಂತಿಭೇದಿ ಬಂದು ಹತ್ತೊಂಬತ್ತು ಜನ ಸತ್ತರು. ಅವರಲ್ಲಿ ಒಬ್ಬಳು ದೌಲಪ್ಪನ ಮಗಳು ಗಂಗಿ, ಆರು ವರ್ಷದವಳು. ಹೊಸದಾಗಿ ಬಂದ ತಾಲೂಕದಾರ ಸಾಹೇಬರು ಕುದುರೆಯ ಮೇಲೆ ಆ ಕಡೆ ಹಾದುಹೋಗುವಾಗ ಸಮಾಧಿಗಳನ್ನು ಕಂಡು, ಈ ಜನರ ಪರವಾಗಿ ಮಜಲಿಸ್‌ನಲ್ಲಿ ಯಾರಿದ್ದಾರೆ ಎಂದು ಕೇಳಿದರಂತೆ. ಯಾರೂ ಇರಲಿಲ್ಲ. ಈಗ ಬಂದಿದ್ದ ಹುಕುಂ ಅದರದೇ: ಕೇರಿ ಮತ್ತು ನೇಕಾರ ಓಣಿಯ ಮನೆ ಯಜಮಾನರು ಸೋಮವಾರ ಚಾವಡಿಯಲ್ಲಿ ಕೂಡಿ, ಕೈ ಎತ್ತಿ, ತಮ್ಮವನೊಬ್ಬನನ್ನು ಆರಿಸಬೇಕು. ಯಾರೂ ಬಾರದಿದ್ದರೆ ಪಾಟೀಲರು ಒಂದು ಹೆಸರು ಕಳಿಸಬೇಕು.

ಕುಲಕರ್ಣಿ ಓದಿ ಮುಗಿಸಿದ. ಗೌಡರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ದೌಲ್ಯಾ, ಊರಾಗಿನ ನಾಕು ಓಣಿ ಹೊಡಿ, ಸಾಕು. ಕೇರಿಗೆ ಬ್ಯಾಡ. ನೇಕಾರ ಓಣಿಗೂ ಬ್ಯಾಡ."

"ಯಪ್ಪಾ, ಮಾತು ಕೇರಿಯವರದೇ ಅದಲ್ರಿ?"

"ಯಾರ ಮಾತು ಅಂತ ನಿನಗ ಕೇಳೀನೇನು? ಹಲಗಿ ಹೊಡ್ಯಾವ ಹಲಗಿ ಹೊಡೀಬೇಕು."

ಕುಲಕರ್ಣಿ ಇನ್ನೊಂದು ಕಾಗದ ಮುಂದೆ ಚಾಚಿದ. ಎಲ್ಲ ಓಣಿಗಳಲ್ಲೂ ಸಾರಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ದೌಲಪ್ಪನ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿಕೊಂಡರು. ಬೆರಳು ಕೊಡುವಾಗ ಅವನು ಕಣ ನೆನೆಸಿಕೊಂಡ, ಮೊರ ನೆನೆಸಿಕೊಂಡ, ಹೆಂಡತಿಯ ಮುಖ ನೆನೆಸಿಕೊಳ್ಳಲಿಲ್ಲ.

ಗೌಡರ ಓಣಿ, ಬಣಜಿಗರ ಓಣಿ, ಗಾಣಿಗರ ಓಣಿ, ಅಗಸಿ ಬಾಗಿಲು. "ಕೇರಿಯವರು, ನೇಕಾರ ಓಣಿಯವರು ಸೋಮವಾರ ಚಾವಡಿಗೆ ಬರಬೇಕ್ರಪ್ಪೋ" ಎಂದು ಅವನು ಅಲ್ಲೆಲ್ಲ ಕೂಗಿದ. ಬಣಜಿಗರ ಮುದುಕಿ ನೀಲಗಂಗಮ್ಮ ಕಟ್ಟೆಯ ಮೇಲೆ ಬೇಳೆ ಹಸನು ಮಾಡುತ್ತಿದ್ದವಳು ತಲೆ ಎತ್ತಿ, "ಇದನ್ನ ನಮಗ್ಯಾಕ ಹೇಳ್ತಿಯೋ ಮಾರಾಯಾ? ಕೇರಿಗೆ ಹೋಗಿ ಹೇಳು" ಎಂದಳು. ಆಚೀಚೆಯವರು ನಕ್ಕರು. ದೌಲಪ್ಪ ಮುಂದಿನ ಓಣಿಯಲ್ಲಿ ಒಂದೇ ಸಲ ಕೂಗಿ ಬೇಗ ದಾಟಿದ.

ಕೇರಿಯ ಮನೆಯಲ್ಲಿ ಹೆಂಡತಿ ಸೂಗಮ್ಮ ಕೇಳಿದಳು: "ಹಲಗಿ ಸಪ್ಪಳ ಕೇಳ್ತು. ಏನಂತ?"

"ದನದ್ದು. ಹೊಲಕ್ಕ ಬಿಡಬಾರ್ದಂತ."

ಸೋಮವಾರ ಚಾವಡಿಗೆ ಯಾರೂ ಬರಲಿಲ್ಲ. ಬರಲಿಲ್ಲವೆಂದು ಗೌಡರು ಬರೆದು, ಒಂದು ಹೆಸರು ಕಳಿಸಿದರು: ಖಂಡೆಪ್ಪ. ಕೇರಿಯವನೇ, ಆದರೆ ಗೌಡರ ದನ ಕಾಯುವ ಜೀತದಾಳು. ಅವನಿಗೆ ಅಂದು ಸಂಜೆಯವರೆಗೆ ಈ ಸುದ್ದಿಯೇ ಗೊತ್ತಿರಲಿಲ್ಲ.

ಗುರುವಾರ ನೇಕಾರ ಲಾಲ್ ಅಹ್ಮದ್ ಕಲಬುರಗಿಯಿಂದ ಬಂದವನು ಮನೆಗೂ ಹೋಗದೆ ನೇರ ಕೇರಿಗೆ ಬಂದ. ನಲವತ್ತರ ಗಂಡಸು, ಮಸೀದಿಯ ಮುಲ್ಲಾರ ಹತ್ತಿರ ಉರ್ದು ಕಲಿತವನು. ಸೀರೆ ಮಾರಲು ಹೋದಾಗ ಕಚೇರಿಯ ಗೋಡೆಗೆ ಅಂಟಿಸಿದ್ದ ಹುಕುಂ ಅವನ ಕಣ್ಣಿಗೆ ಬಿದ್ದಿತ್ತು. ಅಲ್ಲಿಯೇ ಕೂತು, ನಮಗೆ ಯಾರೂ ತಿಳಿಸಿಲ್ಲ ಎಂದು ಅರ್ಜಿ ಬರೆದುಕೊಟ್ಟು ಬಂದಿದ್ದ.

ದೌಲಪ್ಪನ ಗುಡಿಸಲ ಮುಂದೆ ಕೇರಿಯ ಜನ ಕೂಡಿದರು.

"ದೌಲಪ್ಪಣ್ಣಾ, ಡಂಗುರ ಹೊಡದೀಯೇನು?"

"ಹೊಡದೀನಿ."

"ಎಲ್ಲಿ?"

"ಊರಾಗ."

"ಕೇರಿಯಾಗ?"

ದೌಲಪ್ಪ ನೆಲ ನೋಡಿದ. ಜನರು ಬೈಯಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ಬೈದಿದ್ದರೇ ಹಗುರವಾಗುತ್ತಿತ್ತು. ಸೂಗಮ್ಮ ಒಲೆಯ ಮುಂದೆ ಕೂತಿದ್ದಳು. ಅಲ್ಲಿಂದಲೇ ಹೇಳಿದಳು: "ಗಂಗಿ ಕುಡದ ನೀರು ನಾನೇ ಹೊತ್ತು ತಂದಿದ್ದೆ. ನಂದು ತಪ್ಪು ಅಂತ ವರ್ಷದಿಂದ ಅಳಾಕತ್ತೀನಿ. ನೀ ಏನಂತ ಅಳ್ತಿ?"

ಮಂಗಳವಾರಕ್ಕೆ ಕಲಬುರಗಿಯಲ್ಲಿ ವಿಚಾರಣೆ ಇಟ್ಟರು. ಪಾಟೀಲರು, ಡಂಗುರದವನು, ಹೆಸರು ಹೋದವನು, ಅರ್ಜಿ ಕೊಟ್ಟವನು, ನಾಲ್ವರೂ ಹಾಜರಾಗಬೇಕು. ಎಂಟು ಹರದಾರಿ ದಾರಿ. ಗೌಡರು ಸವಾರಿ ಬಂಡಿಯಲ್ಲಿ, ಖಂಡೆಪ್ಪ ಮತ್ತು ದೌಲಪ್ಪ ಅದರ ಹಿಂದೆ ಕೆಂಪು ಧೂಳಿನಲ್ಲಿ. ಲಾಲ್ ಅಹ್ಮದ್ ಬೇರೆ ಹೋದ.

ಮಹಾಗಾಂವದ ಹತ್ತಿರ ಎತ್ತು ಬಿಚ್ಚಿದಾಗ ಗೌಡರು ದೌಲಪ್ಪನನ್ನು ಕರೆದು ತಮ್ಮ ಬುತ್ತಿಯಿಂದ ಎರಡು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಹಿಂದೆಂದೂ ಹಾಗೆ ಕೊಟ್ಟವರಲ್ಲ.

"ತಿನ್ನು," ಎಂದರು ಮೆತ್ತಗೆ. "ನೋಡು ದೌಲಪ್ಪಾ, ಆ ಕಾಗದದ ಮ್ಯಾಲ ನಂದು ಸಹಿ ಇಲ್ಲ. ನಿಂದು ಹೆಬ್ಬೆಟ್ಟು ಅದ. ಹೊಡದಿಲ್ಲ ಅಂದ್ಯೋ, ಸುಳ್ಳು ಬರಸಿದಾವ ನೀನಾಗ್ತಿ. ಜೇಲು ನಿನಗ ಆಗೂದು, ನನಗಲ್ಲ. ಹೊಡದೀನಿ ಅಂದ್ಯೋ, ಜನ ಬರಲಿಲ್ಲ, ಮುಗೀತು."

ದೌಲಪ್ಪ ರೊಟ್ಟಿ ಮುರಿಯಲಿಲ್ಲ. ಅವನು ಅದನ್ನು ಖಂಡೆಪ್ಪನಿಗೆ ಕೊಟ್ಟ. ಖಂಡೆಪ್ಪನೂ ತಿನ್ನಲಿಲ್ಲ.

ಅವರಿಬ್ಬರು ಕಲಬುರಗಿಯ ಗಂಜ್‌ನಲ್ಲಿ ಜೋಳದ ಬಂಡಿಗಳ ನಡುವೆ ಮಲಗಿ, ಬೆಳಗಾದ ಮೇಲೆ ಕಚೇರಿಗೆ ಹೋದರು. ಗೌಡರಿಗೆ ಕುರ್ಚಿ ಹಾಕಿದರು. ಲಾಲ್ ಅಹ್ಮದ್ ಕಂಬದ ಬಳಿ, ದೌಲಪ್ಪ ಮತ್ತು ಖಂಡೆಪ್ಪ ಹೊಸ್ತಿಲ ಹೊರಗೆ. ತಾಲೂಕದಾರ ಸಾಹೇಬರು ಉರ್ದುವಿನಲ್ಲಿ ಕೇಳುತ್ತಿದ್ದರು. ಅವರ ಕಾಗದಪತ್ರ ನೋಡುವ ಪೇಶ್ಕಾರ ಸಲಾವುದ್ದೀನ್, ಕಲಬುರಗಿಯಲ್ಲೇ ಹುಟ್ಟಿ ಬೆಳೆದವರು, ಅದನ್ನು ಕನ್ನಡಕ್ಕೆ ತಿರುಗಿಸುತ್ತಿದ್ದರು.

"ದೌಲಪ್ಪ, ಒಳಗ ಬಾ. ಈ ಹೆಬ್ಬೆಟ್ಟು ನಿಂದೇನು?"

ಅವನು ಹೊಸ್ತಿಲು ದಾಟಿ ಒಳಗೆ ಬಂದ. "ಹೌದ್ರಿ."

"ಯಾವ ಯಾವ ಓಣಿಯಾಗ ಸಾರಿದಿ? ಸಾಹೇಬರಿಗೆ ಹೇಳು."

ದೌಲಪ್ಪನಿಗೆ ಮೆಲ್ಲಗೆ ಮಾತಾಡಿ ರೂಢಿಯಿರಲಿಲ್ಲ. ಬಾಯಿ ತೆರೆದರೆ ಡಂಗುರದ ದನಿಯೇ ಹೊರಬಿತ್ತು. "ಗೌಡರ ಓಣಿ! ಬಣಜಿಗರ ಓಣಿ! ಗಾಣಿಗರ ಓಣಿ! ಅಗಸಿ ಬಾಗಿಲು!" ಆಚೆ ಮರದ ಕೆಳಗಿದ್ದ ಕಕ್ಷಿದಾರರು ತಿರುಗಿ ನೋಡಿದರು. ಅಲ್ಲಿಗೆ ಅವನು ನಿಂತ.

ಗೌಡರು ಕೆಮ್ಮಿದರು. ಸಲಾವುದ್ದೀನರ ಲೇಖನಿ ಮುಂದಿನ ಹೆಸರಿಗಾಗಿ ಕಾಯುತ್ತಿತ್ತು. ಎರಡೇ ಹೆಸರು ಬೇಕಾಗಿತ್ತು. ಕೇರಿ, ನೇಕಾರ ಓಣಿ. ಅಷ್ಟು ಹೇಳಿದರೆ ಜೇಲಿಲ್ಲ, ನಾಳೆ ಮನೆ, ಸುಗ್ಗಿಗೆ ಕಣದ ಮೊರ.

"ಮತ್ತ?"

"ಅಷ್ಟೇ ರೀ."

"ಕೇರಿಯಾಗ?"

"ಇಲ್ರಿ. ನೇಕಾರ ಓಣಿಯಾಗೂ ಇಲ್ರಿ. ನನ್ನ ಹೆಬ್ಬೆಟ್ಟು ಸುಳ್ಳು ಹೇಳೇದ್ರಿ."

ಸಾಹೇಬರು ಏನೋ ಕೇಳಿದರು. ಸಲಾವುದ್ದೀನ್ ಅದನ್ನು ಹೇಳುವ ಮೊದಲು ಒಮ್ಮೆ ಗೌಡರ ಕಡೆ ನೋಡಿದರು. "ಹೋಗಬ್ಯಾಡ ಅಂತ ನಿನಗ ಯಾರು ಹೇಳಿದ್ರು?"

ದೌಲಪ್ಪ ಜೀವಮಾನದಲ್ಲಿ ಗೌಡರ ಮುಖವನ್ನು ನೇರವಾಗಿ ನೋಡಿದ್ದಿಲ್ಲ. ಈಗ ನೋಡಿದ. "ಇವರೇ ರೀ. ನಮ್ಮ ಗೌಡ್ರು."

ತೀರ್ಪು ಅಲ್ಲಿಯೇ ಆಯಿತು. ಖಂಡೆಪ್ಪನ ಹೆಸರು ರದ್ದು. ಗೌಡರಿಗೆ ಲಿಖಿತ ತಾಕೀತು. ಎಂಟನೆಯ ದಿನ ಕಂದಾಯದ ಅಧಿಕಾರಿ ಗಿರದಾವರನ ಎದುರಿಗೆ ಹೊಸ ಸಭೆ, ಡಂಗುರ ದೌಲಪ್ಪನದೇ. ಸುಳ್ಳು ಹೆಬ್ಬೆಟ್ಟಿಗಾಗಿ ಅವನಿಗೆ ಹದಿನೈದು ದಿನ ಸಜಾ; ಸಭೆ ಮುಗಿದ ಮೇಲೆ ಬಂದು ಅನುಭವಿಸಬೇಕು. ಗೌಡರು ಹೇಳಿದ ಹಾಗೆಯೇ ಆಗಿತ್ತು, ಜೇಲು ಅವನಿಗೇ ಬಂತು.

ಕೇರಿಯಲ್ಲಿ ಹಲಗಿ ಬಾರಿಸಿದ ದಿನ ಯಾರೂ ಬಾಗಿಲು ತೆರೆಯಲಿಲ್ಲ. ಗೌಡರ ಆಳುಗಳು ಹಿಂದಿನ ದಿನವೇ ಬಂದು, ಚಾವಡಿ ಹತ್ತಿದವನ ದನ ಗೋಮಾಳಕ್ಕೆ ಬರುವಂತಿಲ್ಲ ಎಂದು ಹೇಳಿ ಹೋಗಿದ್ದರು. ದೌಲಪ್ಪ ಮುಚ್ಚಿದ ತಟ್ಟಿಗಳ ಮುಂದೆ ಮೂರು ಸುತ್ತು ಹಾಕಿದ. ದನಿ ಒಡೆಯುವವರೆಗೆ ಕೂಗಿದ.

ಒಳಗೊಳಗೆ ಇನ್ನೊಂದು ಜಗ್ಗಾಟವೂ ನಡೆದಿತ್ತು. ಕೇರಿಯವರ ಮನೆ ಇಪ್ಪತ್ತೆಂಟು, ನೇಕಾರರದು ಹದಿಮೂರು. ಲಾಲ್ ಅಹ್ಮದ್‌ನ ಹೆಸರು ಬಂದಾಗ, ಸಾಬನನ್ನು ಯಾಕೆ ಆರಿಸಬೇಕು ಎಂದು ಕೇರಿಯ ಹಿರಿಯರು ತಕರಾರು ತೆಗೆದರು. ಸೂಗಮ್ಮ ಬಾಗಿಲ ಮರೆಯಿಂದಲೇ ಹೇಳಿದಳು: "ಅಲ್ಲಿ ಕಾಗದ ಓದ್ತಾರ. ಓದಾಕ ಬರದಾವನ್ನ ಕಳಸಿದ್ರ ಅವನ ಹೆಬ್ಬೆಟ್ಟೂ ಒತ್ತಿಸ್ಕೋತಾರ." ಆ ಮಾತಿಗೆ ದೌಲಪ್ಪ ತಲೆ ತಗ್ಗಿಸಿದ. ಹಿರಿಯರು ತಕರಾರು ಬಿಟ್ಟರು.

ಸಭೆಯ ದಿನ ಗಿರದಾವರ ಮೇಜು ಹಾಕಿ ಕೂತ. ಪಕ್ಕದಲ್ಲೇ ಗೌಡರು, ಮೀಸೆಯ ಮೇಲೆ ಕೈ. ಬೆದರಿಕೆ ಇದ್ದರೂ ಮೂವತ್ತೊಂಬತ್ತು ಜನ ಬಂದರು, ಆದರೆ ಚಾವಡಿ ಹತ್ತದೆ ಕೆಳಗೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತರು. ಬಿಸಿಲು ನೆತ್ತಿಗೆ ಬಂದಿತ್ತು.

"ಖಂಡೆಪ್ಪಗ ಯಾರು ಯಾರು?" ಗೌಡರು ಅವನ ಹೆಸರನ್ನು ಮತ್ತೆ ಕೊಟ್ಟಿದ್ದರು.

ಹದಿನೇಳು ಕೈ ಮೇಲೆದ್ದವು. ಎತ್ತಿದವರಲ್ಲಿ ಯಾರೂ ಪಕ್ಕದವನ ಮುಖ ನೋಡಲಿಲ್ಲ. ಖಂಡೆಪ್ಪನ ಸ್ವಂತ ಕೈ ಮಾತ್ರ ತೊಡೆಯ ಮೇಲೇ ಇತ್ತು.

"ಲಾಲ್ ಅಹ್ಮದಗ?"

ಒಂದು ಕೈಯೂ ಏಳಲಿಲ್ಲ. ನೇಕಾರರದೂ ಇಲ್ಲ. ಗೌಡರು ಒಬ್ಬೊಬ್ಬರನ್ನೇ ನೋಡುತ್ತ ಬಂದರು. ಅವರ ಕಣ್ಣು ಹೋದಲ್ಲಿ ತಲೆಗಳು ಬಾಗಿದವು. ಗಿರದಾವರ ಮಸಿಯಲ್ಲಿ ಲೇಖನಿ ಅದ್ದಿದ. ಲಾಲ್ ಅಹ್ಮದ್‌ನ ಮುಖ ಬಿಳಿಚಿಕೊಂಡಿತು.

ದೌಲಪ್ಪ ಎದ್ದು ನಿಂತ. ಕೂತೇ ಎತ್ತಬಹುದಾಗಿತ್ತು, ಅವನು ನಿಂತು ಎತ್ತಿದ. ಇನ್ನು ಕಳೆದುಕೊಳ್ಳುವುದು ಅವನಿಗೆ ಉಳಿದಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಅವನ ಹಿಂದೆ ಯಾರೂ ಬಾರದೆಯೂ ಇರಬಹುದಿತ್ತು. ಹಿಂದಿನ ಸಾಲಿನಲ್ಲಿ ಮುದುಕ ನೇಕಾರ ಮಕ್ಬೂಲ್, ಹೋದ ವರ್ಷ ಇಬ್ಬರು ಮಕ್ಕಳನ್ನು ಮಣ್ಣುಮಾಡಿದವನು, "ಯಾ ಅಲ್ಲಾ" ಎಂದು ಕೈ ಎತ್ತಿದ. ಆಮೇಲೆ ಕೇರಿಯ ಇಬ್ಬರು. ಆಮೇಲೆ ಎಣಿಸಲಾರದಷ್ಟು ಒಮ್ಮೆಲೇ. ಗಿರದಾವರ ಎರಡು ಸಲ ಎಣಿಸಿದ. ಇಪ್ಪತ್ತೊಂದು.

ಗೌಡರು ಎದ್ದು ಒಳಗೆ ಹೋದರು.

ಮರುದಿನ ದೌಲಪ್ಪ ತಾನಾಗಿಯೇ ನಡೆದು ಹೋಗಿ ಕಲಬುರಗಿಯ ಜೇಲು ಸೇರಿದ. ಹದಿನೈದು ದಿನ ಬೀಸುವ ಕಲ್ಲಿನ ಮುಂದೆ ಕಳೆದ. ತಿರುಗಿ ಬಂದಾಗ ಊರ ಹಲಗಿಯ ಹಕ್ಕು ಅವನ ದಾಯಾದಿಗೆ ಹೋಗಿತ್ತು. ಆ ಸುಗ್ಗಿಯಲ್ಲಿ ಯಾವ ಕಣದಿಂದಲೂ ಮೊರ ಬರಲಿಲ್ಲ. ಅವನು ಹುಮನಾಬಾದ ರಸ್ತೆಯ ಮೇಲೆ ಜಲ್ಲಿ ಒಡೆಯುವ ಕೆಲಸಕ್ಕೆ ಹತ್ತಿದ. ಸೂಗಮ್ಮ ಪಕ್ಕದಲ್ಲಿ ಬುಟ್ಟಿ ತುಂಬಿದಳು. ಅವಳು ಮತ್ತೆ ಅವನೊಂದಿಗೆ ಮೊದಲಿನಂತೆ ಮಾತಾಡತೊಡಗಿದ್ದೂ ಆ ಜಲ್ಲಿಯ ರಾಶಿಯ ಬಳಿಯೇ.

ಮಜಲಿಸ್‌ನಲ್ಲಿ ಲಾಲ್ ಅಹ್ಮದ್‌ಗೆ ಜಮಖಾನೆಯ ಕಟ್ಟಕಡೆಯ ತುದಿ ಸಿಕ್ಕಿತು. ಮೂರು ಸಭೆಗಳಲ್ಲಿ ಅವನ ಸರದಿ ಬರುವ ಮೊದಲೇ ಸಭೆ ಮುಗಿಯಿತು. ನಾಲ್ಕನೆಯದರಲ್ಲಿ ಅವನು ಹತ್ತೊಂಬತ್ತು ಹೆಸರು ಬರೆದ ಕಾಗದ ತೆಗೆದು, ನಡುವೆ ಎದ್ದು ಓದತೊಡಗಿದ. ತಹಶೀಲ್ದಾರರು ಸಾಕು ಎಂದರೂ ನಿಲ್ಲಿಸಲಿಲ್ಲ. ಬಾವಿ ಮಂಜೂರಾಯಿತು. ತೋಡುವಾಗ ಬಂಡೆ ಹತ್ತಿ ಕೆಲಸ ಒಂದು ವರ್ಷ ನಿಂತಿತು. ಅವನು ಮತ್ತೆ ಹೋಗಿ ಮತ್ತೆ ಓದಬೇಕಾಯಿತು. ಮೂರನೆಯ ಬೇಸಿಗೆಗೆ ನೀರು ಬಿತ್ತು, ಸ್ವಲ್ಪ ಉಪ್ಪು, ಆದರೆ ಶುದ್ಧ.

ಮುಂದಿನ ಆಯ್ಕೆಯ ವರ್ಷ ಖಂಡೆಪ್ಪ ಜಲ್ಲಿಯ ರಾಶಿಯ ಬಳಿಗೆ ಬಂದು ನಿಂತ.

"ದೌಲಪ್ಪಾ, ಈ ಸಲ ನಾ ನಿಂದರಬೇಕಂತೀನಿ. ಖರೇನೇ. ಗೌಡ್ರು ಹೇಳಿದ್ದಲ್ಲ."

ದೌಲಪ್ಪ ಸುತ್ತಿಗೆ ಕೆಳಗಿಟ್ಟ. "ಗೌಡ್ರಿಗೆ ಹೇಳೀಯೇನು?"

"ಇನ್ನೂ ಇಲ್ಲ."

"ಮೊದಲ ಅವರಿಗೆ ಹೇಳಿ ಬಾ. ಆಮ್ಯಾಲ ನಾ ಕೈ ಎತ್ತತೀನಿ."

ಖಂಡೆಪ್ಪ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು, ಗೌಡರ ಓಣಿಯ ಕಡೆಗೆ ನಡೆದ.