ಪಾಸಿನ ಮೇಲೆ ನನ್ನ ಫೋಟೊ

ಸರಕಾರಿ ಕಚೇರಿಗೆ ಹೋಗುವವರಿಗೆ ನನ್ನದೊಂದು ಬುದ್ಧಿಮಾತು ಇದೆ. ಅರ್ಜಿಯಲ್ಲಿ ಏನು ಬೇಕಾದರೂ ತುಂಬಿರಿ, ಫೋಟೊ ಮಾತ್ರ ವಿಚಾರ ಮಾಡಿ ಹಚ್ಚಿರಿ. ಹತ್ತಿ ದಲಾಲಿಯಲ್ಲಿ ಯಾರಿಗೂ ಸೋಲದ ನಾನು ಬೆರಳಗಲದ ಒಂದು ಫೋಟೊಕ್ಕೆ ಸೋತವನು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಾನ್ವಿಯ ನಮ್ಮ ಓಣಿಯಲ್ಲಿ ಒಬ್ಬ ಕುರುಡ ಕಾಕಾ ಇದ್ದ. ನನಗೆ ಸಂಬಂಧಿಕನಲ್ಲ, ಇಡೀ ಓಣಿಗೇ ಕಾಕಾ. ಹಿಡಿ ಹತ್ತಿ ತೆಗೆದುಕೊಂಡು ಎರಡು ಹೆಬ್ಬೆರಳ ನಡುವೆ ಹಿಂಜಿದನೆಂದರೆ ಎಳೆ ಉದ್ದವೋ ಗಿಡ್ಡವೋ, ತೂಕ ಬರಲೆಂದು ರಾತ್ರಿ ನೀರು ಚಿಮುಕಿಸಿದ್ದಾರೋ ಇಲ್ಲವೋ, ಎಲ್ಲ ಹೇಳುತ್ತಿದ್ದ. ರಾಯಚೂರು ಗಂಜಿನ, ಅಂದರೆ ಹತ್ತಿ ಮಾರುಕಟ್ಟೆಯ, ಖರೀದಿದಾರರು ಕಣ್ಣಿದ್ದ ತಮ್ಮ ಗುಮಾಸ್ತರನ್ನು ಬಿಟ್ಟು ಅವನ ಕೈಯನ್ನು ನಂಬುತ್ತಿದ್ದರು. ಆ ಕೈಯನ್ನು ಗಂಜಿಗೆ ಮುಟ್ಟಿಸುತ್ತಿದ್ದದ್ದು ಒಂದು ಕಂದು ನಾಯಿ.

ಅದಕ್ಕೆ ಯಾರೂ ಏನೂ ಕಲಿಸಿರಲಿಲ್ಲ. ಕೊರಳಿಗೆ ಹತ್ತಿ ಅಂಡಿಗೆಯ ಬಾಯಿ ಕಟ್ಟುವ ಹಗ್ಗ, ಹಗ್ಗದ ತುದಿ ಕಾಕಾನ ಕೈಯಲ್ಲಿ. ಗಟಾರ ಬಂದರೆ ನಿಲ್ಲುತ್ತಿತ್ತು, ಗಾಡಿ ಬಂದರೆ ಅವನ ಮೊಳಕಾಲಿಗೆ ಅಡ್ಡ ಬರುತ್ತಿತ್ತು. ಇಬ್ಬರೂ ಹತ್ತಿ ಲಾರಿಯ ಮೇಲೆ ಹೋಗಿ ಬರುತ್ತಿದ್ದರು. ಆದರೆ ವಯಸ್ಸಾದಂತೆ ಲಾರಿ ಹತ್ತಲು ಕಾಕಾನ ಮೊಳಕಾಲು ಒಪ್ಪಲಿಲ್ಲ. ಗಂಜು ತಪ್ಪಿದರೆ ಅಣ್ಣನ ಮಗನ ಕಟ್ಟೆಯ ಮೇಲೆ ಕೂತು, ಸೊಸೆ ಹಾಕಿದಾಗ ಉಣ್ಣಬೇಕು. ಅವನಿಗೆ ಇದ್ದದ್ದು ಅದೊಂದೇ ಹೆದರಿಕೆ. ಬಸ್ಸಿಗೆ ಹೋಗು ಅಂತ ಬುದ್ಧಿ ಹೇಳಿದವನು ನಾನೇ.

ಮೊದಲ ದಿನ ನಾನೂ ಜೊತೆಗೆ ಹತ್ತಿದೆ. ಬಸ್ಸಿನಲ್ಲಿ ಒಂದು ಬುಟ್ಟಿ ಕೋಳಿ, ಎರಡು ಆಡಿನ ಮರಿ, ಮತ್ತೆ ಎಲ್ಲರನ್ನೂ ಸೀನಿಸುತ್ತಿದ್ದ ಒಂದು ಚೀಲ ಒಣ ಮೆಣಸಿನಕಾಯಿ ಇದ್ದವು. ಇವೆಲ್ಲವೂ ಗೌರವಸ್ಥ ಪ್ರಯಾಣಿಕರು. ನಾಯಿಯನ್ನು ಮಾತ್ರ ಇಳಿಸಬೇಕೆಂದ ಕಂಡಕ್ಟರ್. ಅದು ಕಾಕಾನ ಕಣ್ಣು ಅಂತ ತಿಳಿಸಿ ಹೇಳಿದೆ.

"ಕಣ್ಣಿಗೆ ಬಾಲ ಇರ್ತದೇನ್ರೀ?" ಅಂದ.

"ಆತು, ಆಡಿನ ಮರಿ ಅಂತ ಲಗೇಜ್ ಟಿಕೀಟ ಹರೀರಿ. ರೊಕ್ಕಾ ನಾ ಕೊಡ್ತೀನಿ."

"ಒಮ್ಮಿ ಮ್ಯಾ ಅನಸ್ರಿ, ಈಗ ಹರೀತೀನಿ."

ಬಸ್ಸಿಗೆ ಬಸ್ಸೇ ನಕ್ಕಿತು. ನಾಯಿ ಬಾಲ ಅಲ್ಲಾಡಿಸಿ ತನ್ನ ಕೇಸು ತಾನೇ ಕೆಡಿಸಿಕೊಂಡಿತು. ಮೂವರೂ ಇಳಿದೆವು.

ಸರಕಾರಿ ಶಿಕ್ಕಾ ಒತ್ತಿದ ಕಾಗದ ಇದ್ದರೆ ಯಾವ ಕಂಡಕ್ಟರ್ ತಾನೇ ತುಟಿ ಬಿಚ್ಚಿಯಾನು ಅಂತ ನನ್ನ ಲೆಕ್ಕ. ಕುರುಡರಿಗೆ ಬಿಟ್ಟಿ ಪಾಸು ಕೊಡುತ್ತಾರೆಂದು ಕೇಳಿದ್ದೆ. ಅದಕ್ಕೆ ಡಾಕ್ಟರರ ಸರ್ಟಿಫಿಕೇಟು ಬೇಕು. ಕಾಕಾನನ್ನು ಹೇಗೋ ಎತ್ತಿ ಲಾರಿ ಹತ್ತಿಸಿ, ಮೂವರೂ ರಾಯಚೂರಿನ ದವಾಖಾನೆಗೆ ಹೋದೆವು. ನಾಯಿಯ ಹಿಂದೆ ಕಾಕಾ ಎಲ್ಲೂ ಎಡವದೆ ಮೆಟ್ಟಿಲು ಹತ್ತಿದ, ಬಾಗಿಲಲ್ಲಿದ್ದ ಬೆಂಚು ತಪ್ಪಿಸಿ ನಡೆದ. ಡಾಕ್ಟರು ಒಳಗಿಂದಲೇ ನೋಡಿದರು. ಈ ಮನುಷ್ಯನಿಗೆ ಚೆನ್ನಾಗಿ ಕಾಣುತ್ತದೆ, ಪಾಸಿಗಾಗಿ ಸೋಗು ಅಂದರು. ಅದರ ಮೇಲೆ ಜವಾನ ನಾಯಿಯನ್ನೂ ಹೊರಗೆ ಹಾಕಿದ.

ನಾನು ದಲಾಲ, ಅಷ್ಟಕ್ಕೆ ಬಿಡುವವನಲ್ಲ. ನಾಯಿಯನ್ನು ಬೇವಿನ ಗಿಡದ ಕೆಳಗೆ ಹಿಡಿದುಕೊಂಡು ನಿಂತು, ಕಾಕಾನನ್ನು ಒಬ್ಬನನ್ನೇ ಮತ್ತೆ ಒಳಗೆ ಕಳಿಸಿದೆ. ಎರಡನೆಯ ಮೆಟ್ಟಿಲಿಗೆ ಮುಗ್ಗರಿಸಿ ಬೋರಲು ಬಿದ್ದ. ಡಾಕ್ಟರು ತಾವಾಗಿಯೇ ಎದ್ದುಬಂದು ಕಣ್ಣು ನೋಡಿ ಸಹಿ ಹಾಕಿದರು. ಒಡೆದ ತುಟಿ ಒರೆಸಿಕೊಳ್ಳುತ್ತ ಕಾಕಾ ಹೊರಗೆ ಬಂದ.

"ಯವಾರ ಚೊಲೊ ಕುದುರಿಸಿದಿ. ಬಿದ್ದಾಂವ ನಾನು."

ಪಾಸಿನ ಕಚೇರಿಯ ಗುಮಾಸ್ತ ತಲೆ ಎತ್ತದೆ ಬರೆಯುತ್ತಿದ್ದ. ಕುರುಡರ ಜೊತೆ ಒಬ್ಬರಿಗೆ ಬಿಟ್ಟಿ, ಕರೆದುಕೊಂಡು ಹೋಗುವವರ ಫೋಟೊ ಕೊಡಿ ಅಂದ. ಕರೆದುಕೊಂಡು ಹೋಗುವುದು ನಾಯಿ ಅಂದೆ. "ಮನಷ್ಯಾರದು," ಅಂದ, ಅಷ್ಟೇ. ಬಿಟ್ಟಿ ಅಂದ ಕೂಡಲೇ ನನ್ನ ಕಿವಿ ನಿಮಿರಿದ್ದವು. ಸುಳ್ಳು ಯಾಕೆ ಹೇಳಲಿ? ಜೇಬಿನಲ್ಲಿ ನನ್ನದೇ ಒಂದು ಹಳೆಯ ಫೋಟೊ ಇತ್ತು, ಅಂಟಿಸಿಬಿಟ್ಟೆ.

ಆಮೇಲೆ ಗೊತ್ತಾಯಿತು ಕೊಂಡ ಮಾಲು ಎಂಥದ್ದೆಂದು. ಪಾಸು ತೋರಿಸಿದರೂ ನಾಯಿ ಹತ್ತುವಂತಿಲ್ಲ. ಕಾಕಾ ಒಬ್ಬನೇ ಹತ್ತಿದರೆ, ಪಾಸಿನಲ್ಲಿರುವ ಮುಖ ಎಲ್ಲಿ ಅಂತ ಕೇಳುತ್ತಾರೆ. ಹೀಗಾಗಿ ನಾಲ್ಕು ತಿಂಗಳು ನಾನೇ ನಾಯಿಯಾದೆ. ಗಂಜಿಗೂ ನಾನೇ, ದೇವದುರ್ಗದ ಸಂತೆಗೂ ನಾನೇ. ದಾರಿಯಲ್ಲಿ ರೇಟು ಮಾತಾಡುವವರು ಸಿಕ್ಕರೆ ನಿಂತುಬಿಡುತ್ತಿದ್ದೆ, ಕಾಕಾ ಬಿಸಿಲಿನಲ್ಲಿ ನನ್ನ ಭುಜ ಹಿಡಿದು ಕಾಯುತ್ತಿದ್ದ. ನಿಜವಾದ ನಾಯಿ ಮಾನ್ವಿಯ ಬಸ್ ನಿಲ್ದಾಣದಲ್ಲಿ ಹೊತ್ತು ಮುಳುಗುವವರೆಗೆ ಕೂತಿರುತ್ತಿತ್ತು.

ಒಂದು ದಿನ ಗಂಜಿನ ಬಾಗಿಲಲ್ಲಿ ಗಿಲ್ಲೆಸುಗೂರಿನ ರೈತನೊಬ್ಬ ಸಿಕ್ಕ. ಅವನ ಶೇಂಗಾಕ್ಕೆ ರೇಟು ಹೇಳುತ್ತಲೇ ನಡೆದೆ, ಕಾಕಾನನ್ನು ಸೀದಾ ಗಟಾರಕ್ಕೆ ಇಳಿಸಿದೆ. ಮೊಳಕಾಲುಮಟ ಕೆಸರಿನಲ್ಲಿ ನಿಂತು ಅವನು ಬೈಯಲಿಲ್ಲ.

"ಅದು ಇಷ್ಟು ಮಾತಾಡತಿರಲಿಲ್ಲ," ಅಂದ.

ಮುಂದಿನ ವಾರ ನಾನು ಕರೆಯಲು ಹೋಗುವಷ್ಟರಲ್ಲಿ ಕಾಕಾ ಲಾರಿಗಳು ನಿಲ್ಲುವಲ್ಲಿ ಇದ್ದ. ಹಗ್ಗ ಕೈಯಲ್ಲಿ, ನಾಯಿ ಮುಂದೆ. ಕವಿತಾಳದ ಒಬ್ಬ ಡ್ರೈವರ್ ನಾಯಿಯನ್ನು ಮೊದಲು ಮೇಲಕ್ಕೆ ಎತ್ತಿ ಕೊಟ್ಟ. ಆಮೇಲೆ ಕಾಕಾ ಮೊಳಕಾಲು ಹಿಡಿದುಕೊಂಡು, ಹಲ್ಲು ಕಚ್ಚಿ, ಮೂರು ಸಲ ಜಾರಿ, ತಾನೇ ಹತ್ತಿದ. ಕೈ ಕೊಡಲು ಹೋದೆ, ಬೇಡ ಅಂದ. ಅಂಡಿಗೆಗಳ ಮೇಲೆ ಕೂತು ಅಂಗಿಯಿಂದ ಪಾಸು ತೆಗೆದು ಕೆಳಗೆ ಚಾಚಿದ.

"ಫೋಟೊ ನಿಂದಲಾ, ನೀನ ಇಟಗೊ."

ಕೈಗೆ ಬಂದ ಮಾಲನ್ನು ಸುಮ್ಮನೆ ಬಿಡುವ ಜಾತಿ ನನ್ನದಲ್ಲ. ಅವತ್ತೇ ಬಸ್ಸಿನಲ್ಲಿ ಆ ಪಾಸು ತೋರಿಸಿದೆ. ಅದೇ ಕಂಡಕ್ಟರ್ ಫೋಟೊ ನೋಡಿದ, ನನ್ನ ಮುಖ ನೋಡಿದ, ನನ್ನ ಪಕ್ಕದ ಖಾಲಿ ಸೀಟು ನೋಡಿದ.

"ಕುರುಡ್ರು ಎಲ್ಲಿದಾರ್ರೀ?"

ಕಿಟಕಿಯಿಂದ ನೋಡಿದೆ. ಲಾರಿ ನಮ್ಮ ಮುಂದೆಯೇ ಧೂಳೆಬ್ಬಿಸುತ್ತ ಹೋಗುತ್ತಿತ್ತು. ಮೇಲೆ ಎರಡು ತಲೆ, ಎರಡೂ ರಾಯಚೂರಿನ ಕಡೆಗೆ.

"ಮುಂದ ಹೋದ್ರು," ಅಂದು ಟಿಕೆಟು ತೆಗೆದುಕೊಂಡೆ.