ಹದಿನಾರರಲ್ಲಿ ಒಂದು ಪಾಲು

ಮರಳುಗಾಡಿನ ಊರು ತಿಮಿಮೂನಿನ ಹತ್ತಿರದ ಆ ಹಳ್ಳಿಯಲ್ಲಿ ಕಾಲುವೆ ನೀರನ್ನು ಪಾಲು ಮಾಡುವ ಲೆಕ್ಕ ಬೂಜೆಮಾನದು. ಕಾಗದ ಮುಟ್ಟಿದವನಲ್ಲ. ಮರಳು ಸವರಿ, ಬೆರಳಲ್ಲಿ ಗೀಟೆಳೆದು, ಪಾಲುಗಳೆಲ್ಲ ಕೂಡಿ ಪೂರ್ತಿ ಒಂದಾದ ಮೇಲೆಯೇ ಕಾಲುವೆಗೆ ಅಡ್ಡ ಕೂತು ಹಲ್ಲುಗಳ ಸಂದಿಯಲ್ಲಿ ನೀರು ಹಂಚುವ ಕಲ್ಲಿನ ಬಾಚಣಿಗೆಗೆ ಯಾರಾದರೂ ಕೈ ಹಚ್ಚಬಹುದು.

ಇವತ್ತು ಮಾತ್ರ ಅವನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ರುಮಾಲು ಬಿಚ್ಚುತ್ತಾನೆ, ಸುತ್ತುತ್ತಾನೆ. ಪಾಲಾಗಬೇಕಾದದ್ದು ತೀರಿಹೋದ ಮಾವನ ನೀರು. ಮಗ ಕದ್ದೂರನಿಗೆ ಅರ್ಧ, ಕಿರಿಮಗಳು ಫಾತ್ನಾಳಿಗೆ ಕಾಲು. ಇನ್ನೊಂದು ಕಾಲು ಹಿರಿಮಗಳು ಮಸೂದಾಳದು. ಅವಳೇ ಬೂಜೆಮಾನ ಹೆಂಡತಿ. ಅಪ್ಪನ ಹಿಂದೆಯೇ, ಖರ್ಜೂರದ ಕೊಯ್ಲು ಮುಗಿಯುವ ಹೊತ್ತಿಗೆ ಅವಳೂ ಹೋದಳು. ಹಾಗಾಗಿ ಆ ಕಾಲನ್ನೂ ಒಡೆಯಬೇಕು. ಅದರಲ್ಲಿ ಅರ್ಧ ಮಗ ಸಾಲೆಮನಿಗೆ, ಅಂದರೆ ಎಂಟರಲ್ಲೊಂದು. ತಾಯಿಯ ಪಾಲಿನಲ್ಲಿ ಕಾಲು ಮಗಳು ಯಾಮ್ನಾಳಿಗೆ, ಅಂದರೆ ಹದಿನಾರರಲ್ಲೊಂದು. ಎಲ್ಲವನ್ನೂ ಹದಿನಾರಕ್ಕೆ ತಂದು ಕೂಡಿದ. ಎಂಟು, ನಾಲ್ಕು, ಎರಡು, ಒಂದು. ಹದಿನೈದು!

ಅಳಿಸಿದ. ಮತ್ತೆ ಬರೆದ. ಮತ್ತೆ ಹದಿನೈದೇ.

“ಏನ್ ಭಾವ, ಬಿಸ್ಲು ನೆತ್ತಿಗ್ ಬಂತು. ಪಕ್ಕದೂರಿನ ಲೆಕ್ಕದವನ್ನ ಕರೆಸ್ಲಾ?” ಕದ್ದೂರ್ ಕಿಚಾಯಿಸಿದ.

“ಕರೆಸೋ, ಕರೆಸು! ನಿನ್ನ ಅರ್ಧದಲ್ಲೇ ಏನೋ ಮೋಸ ಇದೆ!”

“ಅರ್ಧದಲ್ಲೇನ್ ಮೋಸ? ಅರ್ಧ ಅಂದ್ರೆ ಅರ್ಧ.”

ಸುತ್ತ ನಿಂತವರು ನಕ್ಕರು. ಬೂಜೆಮಾ ಎದ್ದ, ಬಾಚಣಿಗೆಗೆ ಒಂದು ಸುತ್ತು ಹಾಕಿದ, ಕೂತ. ತಪ್ಪು ಸಿಗದಿದ್ದರೆ ನಾಳೆಯಿಂದ ಈ ಊರಲ್ಲಿ ತನ್ನ ಲೆಕ್ಕಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಅಷ್ಟರಲ್ಲಿ ಯಾಮ್ನಾ ಗಂಡನ ಮನೆಯಿಂದ ಚಹಾ ತಂದಳು. ಅಮ್ಮ ಹೋದಾಗಿನಿಂದ ಪುದೀನ ಇಲ್ಲದ ಚಹಾ. ಮರಳನ್ನೇ ನೋಡುತ್ತ ನಿಂತಳು.

“ಅಪ್ಪಾ, ಅಮ್ಮನ ನೀರಲ್ಲಿ ನಿನ್ ಪಾಲೆಲ್ಲಿ? ಗಂಡಂಗೂ ಕಾಲು ಬರತ್ತಲ್ವಾ?”

ಊರಲ್ಲಿ ಹೆಂಡತಿ ಸತ್ತವರಿಗೆಲ್ಲ ಆ ಕಾಲನ್ನು ಎಣಿಸಿಕೊಟ್ಟ ಬೆರಳು ಬೂಜೆಮಾನದು!

“ನಂಗ್ಯಾಕೆ ಅದು? ಅವಳ ನೀರು ನಂಗ್ಯಾಕೆ ಬೇಕು?” ಎಂದು ಮಗಳ ಮೇಲೆ ಹರಿಹಾಯ್ದ. ಮಕ್ಕಳಿಗೆ ಬರೆಯುವಾಗ ಬೆರಳು ಅಳುಕಿರಲಿಲ್ಲ. ಬದುಕಿದ್ದರೂ ಅವಳು ಮಕ್ಕಳಿಗೆ ಕೊಡುತ್ತಿದ್ದಳು. ಆದರೆ ಗಂಡನಿಗೆ ಆ ಪಾಲು ಬರುವುದು ಹೆಂಡತಿ ಸತ್ತರೆ ಮಾತ್ರ.



“ಬರಿ ಭಾವ,” ಎಂದ ಕದ್ದೂರ್, ಮೆಲ್ಲಗೆ.

ಬೂಜೆಮಾ ಗೀಟೆಳೆದ. ಹದಿನಾರಾಯಿತು. ಬಾಚಣಿಗೆಯ ಕಡೆ ಕೈ ತೋರಿಸಿ ಎದ್ದ.

“ನಂದನ್ನ ಅವಳ ಪುದೀನ ಮಡಿಗೆ ಬಿಡ್ರಪ್ಪಾ. ಅವಳು ಹೋದಾಗಿಂದ ನಾನು ಆ ಕಡೆ ತಲೆ ಹಾಕಿಲ್ಲ. ಬೇರಾದ್ರೂ ಉಳ್ದಿರ್ಬೇಕು.”